ಪುರಾತತ್ತ್ವ ಅಧ್ಯಯನದಲ್ಲಿ ಆಧುನಿಕ ತಂತ್ರಜ್ಞಾನ

ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿ ಸೇರುವ ನೊಯ್ಯಲ್ ನದಿಯ ದಡದಲ್ಲಿ ಕೊಡುಮಣಲ್ (ಈರೋಡ್ ಜಿಲ್ಲೆ) ಇದೆ. ಇಲ್ಲಿ ಬೃಹತ್ ಶಿಲಾ ಸಮಾಧಿಗಳು, ಕಬ್ಬಿಣದ ಕುಲುಮೆಗಳು, ರತ್ನದ ಮಣಿಗಳು ಮತ್ತು ತಮಿಳು ಬ್ರಾಹ್ಮಿ ಬರಹದ ಮಡಕೆ ಚೂರುಗಳು ದೊರೆತಿವೆ. ಇಂಥ ನೆಲೆಗಳ ಕಾಲ, ಸ್ವರೂಪ ತಿಳಿಯಲು ನೆರವಾಗುವ ವಿಧಾನಗಳು:

• ರೇಡಿಯೋ ಕಾರ್ಬನ್: ಇದ್ದಿಲು, ಧಾನ್ಯ, ಮೂಳೆಗಳ ಕಾಲ ನಿರ್ಣಯ. ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5,730 ವರ್ಷ. ಈ ವಿಧಾನ ರೂಪಿಸಿದ ವಿಲ್ಲರ್ಡ್ ಲಿಬ್ಬಿಗೆ 1960ರ ರಸಾಯನಶಾಸ್ತ್ರ ನೊಬೆಲ್.

• ಎಎಂಎಸ್ (ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ): ಕಾರ್ಬನ್-14 ಪರಮಾಣುಗಳನ್ನು ನೇರವಾಗಿ ಎಣಿಸುತ್ತದೆ, ಒಂದು ಕಾಳಿನಷ್ಟು ಮಾದರಿ ಸಾಕು. ಪಳನಿ ಸಮೀಪದ ಪೊರುಂದಲ್‌ನ ಸಮಾಧಿಯಲ್ಲಿ ಸಿಕ್ಕ ಭತ್ತ: ಕ್ರಿ.ಪೂ. 490. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಕಬ್ಬಿಣ ಬಳಕೆ: ಕ್ರಿ.ಪೂ. 2172 (ಪ್ರಕಟಣೆ 2022).

• ಥರ್ಮೋಲ್ಯುಮಿನಿಸೆನ್ಸ್: ಮಡಕೆಯನ್ನು ಕೊನೆಯದಾಗಿ ಸುಟ್ಟ ಕಾಲ.

• ಭೂಭೇದಕ ರಾಡಾರ್: ಅಗೆಯದೆಯೇ ನೆಲದಡಿಯ ಗೋಡೆ, ಸಮಾಧಿಗಳ ಪತ್ತೆ. ಒಮ್ಮೆ ಅಗೆದ ನೆಲೆಯನ್ನು ಮೊದಲಿನಂತೆ ಮಾಡಲಾಗದು. ಆದ್ದರಿಂದ ಈ ವಿಧಾನ ಅಮೂಲ್ಯ.

• ಲೈಡಾರ್: ಲೇಸರ್ ಕಿರಣಗಳಿಂದ ಕಾಡಿನ ಮರೆಯ ಅವಶೇಷಗಳ ನಕ್ಷೆ.

• ತ್ರೀಡಿ ಸ್ಕ್ಯಾನಿಂಗ್: ಸವೆದ ಅಕ್ಷರಗಳ ಓದು. ಬೆಂಗಳೂರಿನ ಮಿಥಿಕ್ ಸೊಸೈಟಿ (ಸ್ಥಾಪನೆ 1909) ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ.

ನೆನಪಿಡಿ: ಕಾರ್ಬನ್ ವಿಧಾನ ಜೈವಿಕ ವಸ್ತುಗಳಿಗೆ ಮಾತ್ರ, ಸುಮಾರು 50,000 ವರ್ಷಗಳವರೆಗೆ.