ಒಂಟಿ ನಡಿಗೆ ಮತ್ತು ಬಾವಿಯ ತಂಬಿಗೆ



*ಇಂದಿನ ಚಿಂತನೆ: ಚಾರಿಕಾ*

ಪಾಳಿ ಭಾಷೆಯಲ್ಲಿ 'ಚಾರಿಕಾ' ಅಂದರೆ ಊರಿಂದ ಊರಿಗೆ ನಡೆಯುತ್ತ ಹೋಗುವುದು. ಇಸಿಪತನದ ಮೊದಲ ವರ್ಷಾವಾಸ ಮುಗಿದ ಮೇಲೆ ಭಗವಾನ್ ಬುದ್ಧರು ಅರವತ್ತು ಭಿಕ್ಖುಗಳನ್ನು ಕಳಿಸಿಕೊಟ್ಟರು. ಬಹುಜನರ ಹಿತಕ್ಕಾಗಿ ನಡೆಯಿರಿ, ಆದರೆ ಇಬ್ಬರು ಒಂದೇ ದಾರಿ ಹಿಡಿಯಬೇಡಿ ಎಂಬುದು ಅವರ ಸೂಚನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು, ಧಮ್ಮ ಇರುವುದು ಮನುಷ್ಯ ಮನುಷ್ಯರ ಸಂಬಂಧದಲ್ಲಿ, ಒಬ್ಬನೇ ಇರುವವನಿಗೆ ಅದರ ಅಗತ್ಯವಿಲ್ಲ ಎನ್ನುತ್ತಾರೆ. ಹಾಗಾದರೆ ಭಿಕ್ಖುಗಳನ್ನು ಒಬ್ಬೊಬ್ಬರನ್ನಾಗಿ ಏಕೆ ಕಳಿಸಿದರು?

ಕಳೆದ ಫೆಬ್ರವರಿಯಲ್ಲಿ ಒಂದು ರಜಾದಿನ ನಾನು ಮೆಹಕರದಿಂದ ಹೊರಟು ದಿನವಿಡೀ ಒಬ್ಬನೇ ನಡೆದೆ. ತೊಗರಿ ಕಟಾವಾಗಿ ಹೊಲಗಳು ಬರಿದಾಗಿದ್ದವು. ಆಚೆಗೆ ಮಡ್ಡಿ. ನಮ್ಮ ಬೀದರ ಸೀಮೆಯ ಮಡ್ಡಿ ನಿಮಗೆ ಗೊತ್ತೇ ಇದೆ: ಕೆಂಪು ಕಲ್ಲು, ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಎಷ್ಟು ನಡೆದರೂ ಬಯಲು ಮುಗಿಯುವುದಿಲ್ಲ. ಎರಡು ಬಾಟಲಿ ನೀರು, ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಜೊತೆಗಿದ್ದವು. ಸತಿಪಟ್ಠಾನದಲ್ಲಿ ಹೇಳಿದಂತೆ, ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಅರಿವಿಟ್ಟುಕೊಂಡು ಹೆಜ್ಜೆ ಹಾಕಿದೆ. ಮಧ್ಯಾಹ್ನದವರೆಗೆ ಮನಸ್ಸು ಬಹಳ ಶಾಂತವಾಗಿತ್ತು. ಆ ಬಯಲಿನಲ್ಲಿ ನನಗೆ ಜಾತಿ ಇರಲಿಲ್ಲ, ಕೇಳುವವರೇ ಇರಲಿಲ್ಲ.

ಎರಡು ಗಂಟೆಗೆ ನೀರು ಮುಗಿಯಿತು. ದೂರದ ಹೊಲವೊಂದರಲ್ಲಿ ಬಾವಿ ಕಂಡಿತು, ಬೇವಿನ ನೆರಳಲ್ಲಿ ಕುಳಿತ ಒಬ್ಬ ಹಿರಿಯರು ಕಂಡರು. ನೀರು ಕೇಳಿದೆ.

"ಯಾ ಊರ್ರಿ? ಯಾರ ಪೈಕಿ?"

"ಮೆಹಕರದವ್ರಿ. ನಾವು ಬೌದ್ಧರು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಂಬಿಗಿ ಅಲ್ಲೇ ಅದ ನೋಡ್ರಿ, ತಗೊಂಡು ಕುಡೀರಿ" ಅಂದರು. ನಾನು ಸೇದಿಕೊಂಡು ಕುಡಿದೆ.

ನಡೆದದ್ದು ಇಷ್ಟೇ. ಅವರು ಸುಮ್ಮನಿದ್ದ ಆ ಗಳಿಗೆಯಲ್ಲಿ ಮಾತ್ರ ನನ್ನೆದೆ ಬಡಿದುಕೊಂಡಿತು. ಮುಂಜಾನೆಯಿಂದ ಕೂಡಿಟ್ಟ ಶಾಂತಿಯ ಪರೀಕ್ಷೆ ಅಲ್ಲಿ ನಡೆಯಿತು. ನನ್ನ ಅಜ್ಜ ಹೇಳುತ್ತಿದ್ದರು: "ದಾರಿ ನಡೆಯುವಾಗ ಬಿಸಿಲಿನ ಭಯ ಇರಲಿಲ್ಲ, ಬಾವಿಯ ಭಯ ಇತ್ತು." ಆ ಭಯ ಇನ್ನೂ ನನ್ನ ಮೈಯಲ್ಲಿದೆ. ಅದನ್ನು ಅದುಮದೆ, ಅದರ ಕೈಗೆ ಮಾತನ್ನೂ ಕೊಡದೆ, ವೇದನೆಯನ್ನು ವೇದನೆ ಎಂದೇ ನೋಡಿದೆ. ಒಂಟಿ ನಡಿಗೆ ಅದಕ್ಕೆ ತಯಾರಿ ಮಾಡಿತ್ತು.

ಪಾಠಪುಸ್ತಕದಲ್ಲಿ ಪುಲಕೇಶಿಯ ಜೊತೆ ನೆನೆಯುವ ಹ್ಯುಯೆನ್ ತ್ಸಾಂಗ್ ಭಾರತಕ್ಕೆ ಬರುವಾಗ ಗೋಬಿ ಮರುಭೂಮಿಯ ಅಂಚನ್ನು ಒಬ್ಬರೇ ದಾಟಿದರು. ದಾರಿ ತೋರಲು ಇದ್ದದ್ದು ಎಲುಬಿನ ರಾಶಿ ಮತ್ತು ಕುದುರೆಯ ಲದ್ದಿ. ನೀರಿನ ಚೀಲ ಕೈಜಾರಿ ಚೆಲ್ಲಿಹೋಯಿತು. ಕೆಲವು ಕಿಲೋಮೀಟರ್ ಹಿಂದಕ್ಕೆ ಹೋದವರು ತಮ್ಮ ಸಂಕಲ್ಪ ನೆನೆದು ಮತ್ತೆ ಪಶ್ಚಿಮಕ್ಕೆ ತಿರುಗಿದರು. ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲ. ಕೊನೆಗೆ ಅವರ ಮುದಿ ಕುದುರೆಯೇ ನೀರಿನ ತಾಣಕ್ಕೆ ಒಯ್ದಿತು ಎಂದು ಅವರ ಜೀವನಚರಿತ್ರೆ ಹೇಳುತ್ತದೆ. ಅವರು 645ರಲ್ಲಿ 657 ಗ್ರಂಥಗಳೊಂದಿಗೆ ಚೀನಾಕ್ಕೆ ಮರಳಿದರು. ಒಬ್ಬರೇ ಹೋದರು, ತಂದದ್ದು ಎಲ್ಲರಿಗಾಗಿ.

ಈಗ ಇನ್ನೊಂದು ಬಾಯಾರಿಕೆ. 1901ರಲ್ಲಿ ಬಾಲಕ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ತಂದೆಯನ್ನು ಕಾಣಲು ಗೋರೆಗಾಂವಿಗೆ ಹೊರಟಿದ್ದರು. ಮಸೂರ ರೈಲು ನಿಲ್ದಾಣದಲ್ಲಿ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯಿತು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಬುತ್ತಿ ಬೇಕಾದಷ್ಟಿತ್ತು, ನೀರು ಇರಲಿಲ್ಲ. ಕೇಳಿದರೂ ಸಿಗಲಿಲ್ಲ. ಅದು ಮರುಭೂಮಿ ಅಲ್ಲ, ಜನರಿದ್ದ ನಾಡು!

ಹ್ಯುಯೆನ್ ತ್ಸಾಂಗರ ಬಾಯಾರಿಕೆಗೆ ಕಾರಣ ನಿಸರ್ಗ. ಭೀಮರಾಯರ ಬಾಯಾರಿಕೆಗೆ ಕಾರಣ ಮನುಷ್ಯ. ಮೊದಲನೆಯದಕ್ಕೆ ಧೈರ್ಯ ಸಾಕು, ಎರಡನೆಯದಕ್ಕೆ ಸಮಾಜವೇ ಬದಲಾಗಬೇಕು. ಅದಕ್ಕಾಗಿಯೇ 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಒಬ್ಬರೇ ನಡೆಯಲಿಲ್ಲ, ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದರು.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು. ಭಿಕ್ಖುಗಳು ಒಬ್ಬೊಬ್ಬರಾಗಿ ಹೊರಟದ್ದು ಜನರನ್ನು ಬಿಟ್ಟು ಹೋಗಲು ಅಲ್ಲ, ಹೆಚ್ಚು ಜನರನ್ನು ಮುಟ್ಟಲು. ಬಯಲಿನಲ್ಲಿ ಗಳಿಸಿದ ಶಾಂತಿ ಬಾವಿಯ ಬಳಿ ಕೆಲಸಕ್ಕೆ ಬರಬೇಕು. ಶಾಂತಿ ಎಂದರೆ ಅನ್ಯಾಯ ನುಂಗಿಕೊಳ್ಳುವುದು ಎಂದು ಯಾರೂ ತಿಳಿಯಬಾರದು. ನೀರು ಸಿಗದಿದ್ದರೆ ಸಿಟ್ಟಿನಿಂದ ನಡುಗದೆ ಕಾನೂನಿನ ದಾರಿ ಹಿಡಿಯುವ ಸ್ಥೈರ್ಯವೂ ಅದೇ ಶಾಂತಿಯ ಫಲ.

*ಇಂದಿನ ಅಭ್ಯಾಸ:*
1. ಸಂಜೆ ಅರ್ಧ ಗಂಟೆ ಫೋನ್ ಬಿಟ್ಟು ಒಬ್ಬರೇ ನಡೆಯಿರಿ. ಹೆಜ್ಜೆಯ ಮೇಲೆ ಅರಿವಿರಲಿ.
2. "ಯಾರ ಪೈಕಿ?" ಎಂಬ ಪ್ರಶ್ನೆ ಬಂದಾಗ ಮೈಯಲ್ಲಿ ಏನಾಗುತ್ತದೆ, ಗಮನಿಸಿ. ಉತ್ತರವನ್ನು ತಗ್ಗಿಸಬೇಡಿ.
3. ಬಾಗಿಲಿಗೆ ಬಂದವರಿಗೆ ಏನನ್ನೂ ಕೇಳುವ ಮೊದಲು ನೀರು ಕೊಡಿ. ನಾವು ಯಾರನ್ನೂ "ಯಾರ ಪೈಕಿ" ಎಂದು ಕೇಳದಿರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏