ಸೀಟಿ ಊದಲಿಲ್ಲ, ಗೋಲು ಆಯ್ತು

ದೀಪಾವಳಿ ಬಂತೆಂದರೆ ನಮ್ಮ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬದ ಸಡಗರ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟುತ್ತಾರೆ. ಜನರ ನಡುವೆ ಓಡಿಸುತ್ತಾರೆ. ಹುಡುಗರು ಆ ಕೊಬ್ಬರಿ ಹರಿಯಬೇಕು. ಆಗ ಕೂಗಾಟ ಶುರು. "ಹರಿದ!" ಅಂತ ಒಬ್ಬರು. "ಎಲ್ಲಿ ಹರಿದ? ಹೋರಿ ಗೆದ್ದೈತಿ!" ಅಂತ ಹೋರಿ ಕಡೆಯವರು. ನಡೆದದ್ದು ಒಂದೇ. ಹೇಳುವುದು ಮಾತ್ರ ಬೇರೆ ಬೇರೆ.

ಫುಟ್‌ಬಾಲ್ ಆಟದಲ್ಲೂ ಹೀಗೇ ಆಗುತ್ತದೆ. ಕಲಿಕಾ ಕೇಂದ್ರಕ್ಕೆ ಬರುವ ತಾಯಂದಿರು ನಮ್ಮನ್ನು ಕೇಳುವುದುಂಟು. "ಹುಡುಗ ಮೊಬೈಲಲ್ಲಿ ಫುಟ್‌ಬಾಲ್ ನೋಡ್ತಾನೆ. ರೆಫರಿ ಮೋಸ ಮಾಡ್ದ ಅಂತ ಬೈತಾನೆ. ಊಟಾನೂ ಬಿಡ್ತಾನೆ. ಯಾಕ್ರೀ ಟೀಚರ್?" ಬನ್ನಿ, ತಿಳಿಯೋಣ.

ಆಟದ ನಿಯಮ

ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ 11 ಜನ. ಚೆಂಡನ್ನು ಒದ್ದು ಎದುರಿನವರ ಗೋಲಿನೊಳಗೆ ಸೇರಿಸಬೇಕು. ತೀರ್ಪು ಕೊಡುವವರು ರೆಫರಿ. ಅವರ ಕೈಯಲ್ಲಿ ಸೀಟಿ ಇರುತ್ತದೆ.

ಒಬ್ಬ ಆಟಗಾರನನ್ನು ತಪ್ಪಾಗಿ ಬೀಳಿಸಿದರೆ ಅವನ ತಂಡಕ್ಕೆ ಫ್ರೀ ಕಿಕ್ ಸಿಗುತ್ತದೆ. ಎದುರಿನವರು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ಅಂದರೆ ಸುಮಾರು 10 ಗಜ. ಅವರು ಸಾಲಾಗಿ ಗೋಡೆಯಂತೆ ನಿಂತು ಚೆಂಡನ್ನು ತಡೆಯುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಿ. "ಅವರನ್ನು ದೂರ ಸರಿಸಿ" ಎಂದು ಕೇಳಿದರೆ ರೆಫರಿ ಸರಿಸುತ್ತಾರೆ. ಆಗ ಸೀಟಿ ಊದುವ ತನಕ ಒದೆಯುವಂತಿಲ್ಲ. "ಸರಿಸೋದು ಬೇಡ" ಎಂದರೆ ಬೇಗ ಒದೆಯಬಹುದು. ಅದಕ್ಕೆ ಸೀಟಿ ಬೇಕಿಲ್ಲ.

ಬೆಂಗಳೂರಿನಲ್ಲಿ ನಡೆದದ್ದು

2023ರ ಮಾರ್ಚ್ 3. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ಎದುರುಬದುರಾಗಿದ್ದವು. ಸೋತವರು ಮನೆಗೆ. 90 ನಿಮಿಷ ಆಡಿದರೂ ಗೋಲಿಲ್ಲ. ಆದ್ದರಿಂದ ಇನ್ನೂ 30 ನಿಮಿಷ ಆಟ ಕೊಟ್ಟರು.

96ನೇ ನಿಮಿಷ. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದರು. ಅಷ್ಟರಲ್ಲಿ ಸುನಿಲ್ ಛೇತ್ರಿ ಒದ್ದೇಬಿಟ್ಟರು. ಚೆಂಡು ಗೋಲಿನೊಳಗೆ! ರೆಫರಿ ಕ್ರಿಸ್ಟಲ್ ಜಾನ್ "ಗೋಲು" ಎಂದು ತೀರ್ಪು ಕೊಟ್ಟರು.

"ಸೀಟಿ ಊದಿಲ್ಲ, ನಾವು ತಯಾರಿರಲಿಲ್ಲ, ಇದು ಗೋಲಲ್ಲ" ಎಂದರು ಕೇರಳದವರು. "ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ಮೊದಲೇ ರೆಫರಿಗೆ ಹೇಳಿದ್ದೆ" ಎಂಬುದು ಛೇತ್ರಿಯವರ ಮಾತು. ರೆಫರಿ ತೀರ್ಪು ಬದಲಿಸಲಿಲ್ಲ. ಕೇರಳದ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ಆಟಗಾರರನ್ನು ಹೊರಗೆ ಕರೆದರು. ತಂಡ ಮೈದಾನ ಬಿಟ್ಟು ಹೋಯಿತು. ರೆಫರಿ ಕಾದು ನೋಡಿದರು. ತಂಡ ಮರಳಲಿಲ್ಲ. ಬೆಂಗಳೂರು ಗೆದ್ದಿತು.

ತಂಡ ಕೊಚ್ಚಿಗೆ ಹೋದಾಗ ಅಭಿಮಾನಿಗಳು ವಿಮಾನ ನಿಲ್ದಾಣಕ್ಕೇ ಬಂದು ಜೈಕಾರ ಹಾಕಿದರು. ಅವರ ಪಾಲಿಗೆ ಅದು ಅನ್ಯಾಯದ ವಿರುದ್ಧ ಎದ್ದು ನಿಂತ ಹಾಗೆ. ಆದರೆ ಪಂದ್ಯ ಮತ್ತೆ ಆಡಿಸಬೇಕೆಂಬ ಬೇಡಿಕೆ ತಳ್ಳಿಹೋಯಿತು. ಮೈದಾನ ಬಿಟ್ಟದ್ದಕ್ಕೆ ತಂಡಕ್ಕೆ 4 ಕೋಟಿ ರೂಪಾಯಿ ದಂಡ. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಏಪ್ರಿಲ್‌ನಲ್ಲಿ ತಂಡ ಬಹಿರಂಗವಾಗಿ ಕ್ಷಮೆ ಕೇಳಿತು.

15 ದಿನದ ಮೇಲೆ

ಅದೇ ಮಾರ್ಚ್ 18ರಂದು ಗೋವಾದಲ್ಲಿ ಫೈನಲ್. ಬೆಂಗಳೂರು ತಂಡ ಎಟಿಕೆ ಮೋಹನ್ ಬಗಾನ್ ಕೈಯಲ್ಲಿ ಸೋತಿತು. ಈಗ ಸಿಟ್ಟು ಬಂದದ್ದು ಬೆಂಗಳೂರಿನವರಿಗೆ! ಕೆಲವು ತೀರ್ಪು ಸರಿಯಿಲ್ಲ ಎಂದು ತಂಡದ ಮಾಲೀಕರೇ ಹೇಳಿದರು. ವಿಡಿಯೊ ನೋಡಿ ತೀರ್ಪು ಕೊಡುವ ಪದ್ಧತಿ ಬೇಕು ಎಂದರು. ವಿಶ್ವಕಪ್‌ನಲ್ಲಿ 2018ರಿಂದಲೇ ಆ ಪದ್ಧತಿ ಬಂದಿತ್ತು. ಈ ಎರಡು ಪಂದ್ಯಗಳಲ್ಲಿ ಅದು ಇರಲಿಲ್ಲ.

ನೋಡಿದಿರಾ? ತೀರ್ಪು ನಮ್ಮ ಕಡೆ ಬಂದರೆ ರೆಫರಿ ಒಳ್ಳೆಯವರು. ಆ ಕಡೆ ಹೋದರೆ ಕೆಟ್ಟವರು!

ಸಿಟ್ಟು ಬರುವುದು ತಪ್ಪಲ್ಲ. ಅನ್ಯಾಯ ಅನ್ನಿಸಿದರೆ ಕೇಳಬೇಕು. ಆದರೆ ಕೇಳುವ ಮುಂಚೆ ಮೂರು ಮಾತು ಯೋಚಿಸಬೇಕು. ನಿಯಮ ಏನು ಹೇಳುತ್ತೆ? ನಾವು ಕಣ್ಣಾರೆ ಕಂಡದ್ದು ಏನು? ಇದೇ ತೀರ್ಪು ನಮಗೆ ಲಾಭ ತಂದಿದ್ದರೆ ಒಪ್ಪುತ್ತಿದ್ದೆವಾ?

ಇನ್ನೊಂದು ಮಾತು. ಮೈದಾನ ಬಿಟ್ಟವರಿಗೆ ಗೋಲು ಹೊಡೆಯುವ ಅವಕಾಶವೂ ಹೋಗುತ್ತೆ. ಆಡುತ್ತಲೇ ದೂರು ಕೊಡಬಹುದು. ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ ನಮ್ಮ ಮಾತು ನಡೆಯದಿದ್ದಾಗಲೂ ಅಷ್ಟೇ. ಎದ್ದು ಬಂದರೆ ನಮ್ಮ ಜಾಗ ಖಾಲಿ. ಕೂತು, "ಆ ನಿಯಮ ಎಲ್ಲೈತಿ, ತೋರಿಸ್ರಿ, ಓದ್ತೀನಿ" ಅಂತ ಕೇಳಿ ನೋಡಿ. ಈಗ ನಿಮಗೆ ಓದಲು ಬರುತ್ತದೆ.

ಅಭ್ಯಾಸ

1. ಓದಿ, ಬರೆಯಿರಿ: ಸೀಟಿ, ಗೋಡೆ, ನಿಯಮ, ತೀರ್ಪು, ದಂಡ.
2. ಲೆಕ್ಕ ಮಾಡಿ: ಆಟ ಒಟ್ಟು 120 ನಿಮಿಷ. ಗೋಲು ಆದದ್ದು 96ನೇ ನಿಮಿಷದಲ್ಲಿ. ಕೇರಳದವರಿಗೆ ಇನ್ನು ಎಷ್ಟು ನಿಮಿಷ ಆಟ ಉಳಿದಿತ್ತು?
3. ಗುಂಪಿನಲ್ಲಿ ಮಾತಾಡಿ: ಕೇರಳದವರು ಮೈದಾನ ಬಿಟ್ಟದ್ದು ಸರಿಯಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?