ಲಾಬಾನನ ಮನೆಯಲ್ಲಿ ಇಪ್ಪತ್ತು ವರ್ಷ

ಯೂತ್ ಸರ್ವಿಸ್ ಸಂದೇಶದ ಬರಹರೂಪ. ಓದುವ ಭಾಗ: ಆದಿಕಾಂಡ 29:1-30 ಮತ್ತು 31ನೇ ಅಧ್ಯಾಯ ಪೂರ್ತಿ.

ಎಲ್ಲರೂ ಕೂತುಕೊಳ್ಳಿ. ಬೈಬಲ್ ತೆರೆದಿಟ್ಟುಕೊಳ್ಳಿ. ಮೊಬೈಲಿನಲ್ಲಾದರೂ ಅಡ್ಡಿ ಇಲ್ಲ, ಆದರೆ ವಾಟ್ಸಾಪ್ ಬೇಡ.

ಹೋದ ತಿಂಗಳು ಸೆಲ್ ಗ್ರೂಪ್ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಒಬ್ಬಳು ತಂಗಿ ನನ್ನ ಹತ್ತಿರ ಬಂದಳು. "ಪಾಸ್ಟರ್, ನಮ್ಮ ಆಫೀಸಿನಲ್ಲಿ 'ನಾವೆಲ್ಲ ಒಂದು ಫ್ಯಾಮಿಲಿ' ಅಂತಾರೆ. ಭಾನುವಾರ ಬರಲಿಕ್ಕೆ ಆಗುವುದಿಲ್ಲ ಅಂತ ಹೇಳಿದರೆ ಮುಖ ಸಣ್ಣ ಮಾಡ್ತಾರೆ. ನಾನು ಹೋಗದಿದ್ದರೆ ನನ್ನ ಸಾಕ್ಷಿ ಹಾಳಾಗ್ತದಾ?" ಅಂತ ಕೇಳಿದಳು. ನಾನು ಆವತ್ತು ಕೊಟ್ಟ ಉತ್ತರ ಸರಿ ಇರಲಿಲ್ಲ. ಪ್ರಾರ್ಥಿಸು, ದೇವರು ದಾರಿ ತೋರಿಸ್ತಾರೆ ಅಂದೆ. ಪಾಸ್ಟರ್‌ಗಳು ಉತ್ತರ ಗೊತ್ತಿಲ್ಲದಾಗ ಹಾಗೇ ಹೇಳುವುದು. ಇವತ್ತು ಆ ತಂಗಿಗೆ ಸರಿಯಾದ ಉತ್ತರ ಕೊಡಬೇಕು ಅಂತ ಬಂದಿದ್ದೇನೆ.

ಯಾಕೋಬನ ಕಥೆ ಸಂಡೇ ಸ್ಕೂಲಿನಿಂದಲೇ ನಮಗೆ ಗೊತ್ತು. ಅಣ್ಣನಿಗೆ ಮೋಸ ಮಾಡಿ ಓಡಿ ಬಂದವನು, ಕೈಯಲ್ಲಿ ಏನೂ ಇಲ್ಲ. ಹಾರಾನಿನಲ್ಲಿ ಸೋದರಮಾವ ಲಾಬಾನ ಓಡಿ ಬಂದು ಅಪ್ಪಿಕೊಳ್ಳುತ್ತಾನೆ, ಮುದ್ದಿಡುತ್ತಾನೆ, ಮನೆಗೆ ಕರೆದುಕೊಂಡು ಹೋಗುತ್ತಾನೆ. 29:14ರಲ್ಲಿ ಅವನು ಹೇಳುವ ಮಾತಿನ ಅರ್ಥ ಏನು? ನೀನು ನನ್ನ ರಕ್ತ, ನನ್ನವನೇ. ಒಂದು ತಿಂಗಳು ಹೀಗೇ ಹೋಗುತ್ತದೆ. ಆ ತಿಂಗಳು ಯಾಕೋಬ ಸುಮ್ಮನೆ ಕೂತಿರಲಿಲ್ಲ, ಕೆಲಸ ಮಾಡುತ್ತಲೇ ಇದ್ದ. ಅದು 15ನೇ ವಚನದಲ್ಲಿ ಗೊತ್ತಾಗುತ್ತದೆ. ಸಂಬಂಧಿಕ ಅಂತ ಬಿಟ್ಟಿ ದುಡಿಸಿಕೊಳ್ಳುವುದು ಸರಿಯಲ್ಲ, ಸಂಬಳ ಎಷ್ಟು ಬೇಕು ಹೇಳು ಅಂತ ಲಾಬಾನನೇ ಕೇಳುತ್ತಾನೆ.

ಎಷ್ಟು ಒಳ್ಳೆಯ ಎಚ್‌ಆರ್ ಅಲ್ವಾ? ಮಾತಿನಲ್ಲಿ ಒಂದು ತಪ್ಪು ಹುಡುಕಲಿಕ್ಕಾಗುವುದಿಲ್ಲ. ಮುಂದೆ ನೋಡಿ. ರಾಹೇಲಳಿಗಾಗಿ ಏಳು ವರ್ಷ ದುಡಿದ. ಬೆಳಗಾದಾಗ ಪಕ್ಕದಲ್ಲಿ ಲೇಯಾ. ಇದೇನು ಮಾವ ಅಂದರೆ, ನಮ್ಮಲ್ಲಿ ಪದ್ಧತಿ ಹಾಗೆ ಉಂಟು ಅಂದ. ಪಾಲಿಸಿ! ಸೇರುವಾಗ ಯಾರೂ ಹೇಳದ ಪಾಲಿಸಿ. ಇನ್ನೂ ಏಳು ವರ್ಷ ದುಡಿದ. ಆಮೇಲೆ ಕುರಿ ಆಡುಗಳಿಗಾಗಿ ಆರು ವರ್ಷ. ಚುಕ್ಕೆ ಇರುವ ಆಡುಗಳು ನಿನಗೆ ಅಂತ ಒಪ್ಪಂದ ಆದ ದಿನವೇ ಅಂಥ ಆಡುಗಳನ್ನೆಲ್ಲ ಬೇರೆ ಮಾಡಿಸಿ, ಮೂರು ದಿನದ ದಾರಿಯಷ್ಟು ದೂರದಲ್ಲಿ ಮಕ್ಕಳ ಕೈಗೆ ಒಪ್ಪಿಸಿಬಿಟ್ಟ. ಅದು 30:35, 36ರಲ್ಲಿ ಉಂಟು, ಮನೆಗೆ ಹೋಗಿ ಓದಿ.

31ನೇ ಅಧ್ಯಾಯದಲ್ಲಿ ಯಾಕೋಬನ ಬಾಯಿ ಕೊನೆಗೂ ಬಿಡುತ್ತದೆ. ಇಪ್ಪತ್ತು ವರ್ಷ. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ರೆ ಇಲ್ಲ. ಕಾಡುಮೃಗ ತಿಂದ ಕುರಿಯ ನಷ್ಟವನ್ನೂ ನಾನೇ ಕೊಟ್ಟೆ. ನೀನು ಹತ್ತು ಸಲ ನನ್ನ ಸಂಬಳ ಬದಲಾಯಿಸಿದೆ. ಇದು ಅವನ ಲೆಕ್ಕ. ನನಗೆ ಜಾಸ್ತಿ ನೋವು ಕೊಟ್ಟದ್ದು 15ನೇ ವಚನ. ಲೇಯಾ, ರಾಹೇಲ ಇಬ್ಬರೂ ಹೇಳುತ್ತಾರೆ: ಅಪ್ಪನಿಗೆ ನಾವು ಹೊರಗಿನವರ ಹಾಗೆ ಆಗಿಬಿಟ್ಟೆವು, ನಮ್ಮನ್ನು ಮಾರಿ ಆ ಹಣವನ್ನೂ ತಿಂದ. ಅಳಿಯನನ್ನು "ನನ್ನ ರಕ್ತ" ಅಂದವನ ಮನೆಯಲ್ಲಿ ಸ್ವಂತ ಹೆಣ್ಣುಮಕ್ಕಳೇ ಪರಕೀಯರು.

ನಾನು ಸೇವೆಗೆ ಬರುವ ಮೊದಲು ಇದೇ ಊರಿನಲ್ಲಿ ಒಂದು ಕಂಪನಿಯಲ್ಲಿ ಆರು ವರ್ಷ ನೈಟ್ ಶಿಫ್ಟ್ ಮಾಡಿದವನು. ಹೆಸರು ಬೇಡ. ಕ್ಯಾಂಟೀನ್ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಫ್ಯಾಮಿಲಿ ಅಂತ ಬರೆದಿತ್ತು. ಕ್ರಿಸ್ಮಸ್‌ಗೆ ಕೇಕ್, ದೀಪಾವಳಿಗೆ ಸ್ವೀಟ್, ಬರ್ತ್‌ಡೇಗೆ ಎಲ್ಲರೂ ಸೇರಿ ಹಾಡುವುದು. ಸುಳ್ಳು ಹೇಳಬಾರದು, ನನಗೆ ಅದು ಖುಷಿಯೇ ಆಗುತ್ತಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ರಜೆ ಸಿಕ್ಕಿತು. ಮೂರನೇ ರಾತ್ರಿಗೆ ಮ್ಯಾನೇಜರ್ ಫೋನ್ ಮಾಡಿ, ಟೀಮಿಗೆ ಕಷ್ಟ ಆಗ್ತಾ ಉಂಟು, ಫ್ಯಾಮಿಲಿ ಅಂದಮೇಲೆ ಅಡ್ಜಸ್ಟ್ ಮಾಡಬೇಕಲ್ವಾ ಬ್ರದರ್ ಅಂದರು. ನಾನು ಹೋದೆ. ಯಾರೂ ಎಳೆದುಕೊಂಡು ಹೋಗಲಿಲ್ಲ, ನಾನೇ ಹೋದದ್ದು. ಆ ರಾತ್ರಿ ಅಪ್ಪ ನನ್ನನ್ನು ಕೇಳುತ್ತಿದ್ದರಂತೆ. ಅಮ್ಮ, "ಕೆಳಗೆ ಚಾ ಕುಡಿಯಲಿಕ್ಕೆ ಹೋಗಿದ್ದಾನೆ" ಅಂತ ಬೆಳಗಿನವರೆಗೆ ಹೇಳುತ್ತಲೇ ಇದ್ದರು. ದೇವರ ಕೃಪೆ, ಅಪ್ಪ ಆ ಸಲ ಉಳಿದರು. ಎಂಟು ತಿಂಗಳ ಮೇಲೆ ಪ್ರಾಜೆಕ್ಟ್ ನಿಂತಿತು. ಒಂದು ಸೋಮವಾರ ನನ್ನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಸೆಕ್ಯುರಿಟಿ ಅಣ್ಣನಿಗೆ ನನ್ನ ಮುಖ ನೋಡಲಿಕ್ಕೆ ನಾಚಿಕೆ.

ಪ್ರಾಜೆಕ್ಟ್ ಇಲ್ಲದಿದ್ದರೆ ಕಂಪನಿ ಜನರನ್ನು ಎಲ್ಲಿಂದ ಸಾಕುವುದು? ಅದು ನನಗೆ ಅರ್ಥ ಆಗುತ್ತದೆ. ಕೆಲಸದಿಂದ ತೆಗೆದರು ಅನ್ನುವುದಕ್ಕಿಂತ ಆ ಮೂರನೇ ರಾತ್ರಿಯೇ ಇವತ್ತಿಗೂ ನನ್ನನ್ನು ಚುಚ್ಚುವುದು. ನನ್ನ ನಿಜವಾದ ಅಪ್ಪನ ಹತ್ತಿರದಿಂದ ನನ್ನನ್ನು ಎಬ್ಬಿಸಿದ್ದು "ಫ್ಯಾಮಿಲಿ" ಎಂಬ ಶಬ್ದ.

ನಮ್ಮ ತುಳುನಾಡಿನಲ್ಲಿ ಕುಟುಂಬ ಅಂದರೆ ಏನು ಅಂತ ನಿಮಗೆ ಗೊತ್ತುಂಟು. ಕುಟುಂಬದ ಮನೆ ಅಂತ ಒಂದು ಇರ್ತದೆ. ಅಳಿಯಸಂತಾನದ ಕಾಲದಿಂದ ಅದರಲ್ಲಿ ಹುಟ್ಟಿದವನಿಗೆ ಅಲ್ಲಿ ಒಂದು ಪಾಲು, ಒಂದು ಜಾಗ. ಅವನು ಬುದ್ಧಿವಂತನಾ, ದಡ್ಡನಾ, ಈ ವರ್ಷ ಟಾರ್ಗೆಟ್ ಮುಟ್ಟಿದನಾ ಅಂತ ಯಾರೂ ಕೇಳುವುದಿಲ್ಲ. ಅಂಥ ಕುಟುಂಬದಿಂದ ಹೊರಗೆ ಬಿದ್ದವರ ಕಥೆಯೂ ಈ ಊರಿನಲ್ಲೇ ಉಂಟು. ಅದು ನಮ್ಮ ವಿಶ್ವಾಸದ ಹಿರಿಯರ ಕಥೆ.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಇಲ್ಲಿ ಕ್ರಿಸ್ತನನ್ನು ನಂಬಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ತುಂಬ ಜನ. ದೀಕ್ಷಾಸ್ನಾನ ಆದ ಮೇಲೆ ಕಳ್ಳು ಇಳಿಸುವ ಮೂರ್ತೆ ಕೆಲಸ ಮಾಡುವ ಹಾಗಿಲ್ಲ. ಕುಟುಂಬದವರು ಸೇರಿಸುವುದಿಲ್ಲ, ಗೇಣಿಗೆ ಭೂಮಿ ಸಿಗುವುದೂ ಕಷ್ಟ. ಹಾಗಾಗಿ ಮಿಷನ್‌ನವರು ಕೆಲಸವನ್ನೂ ಹುಟ್ಟಿಸಬೇಕಾಯಿತು. 1841ರಲ್ಲಿ ಪ್ರೆಸ್, 1844ರಿಂದ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ. ನಮ್ಮ ಅಜ್ಜನ ಮನೆಯ ಮಾಡಿನ ಮೇಲೆ ಇದ್ದ ಮಂಗಳೂರು ಹೆಂಚಿನ ಮೂಲ ಅಲ್ಲಿ. ಕೆಲಸ ಕೊಟ್ಟವರು ಬರೇ ಕೆಲಸ ಕೊಡಲಿಲ್ಲ. ಬಾಯಿಮಾತಿಗೆ ಕುಟುಂಬ ಅಂದವರಲ್ಲ ಅವರು, ಕುಟುಂಬ ಕಳೆದುಕೊಂಡವರಿಗೆ ಅನ್ನದ ದಾರಿ ಮಾಡಿದವರು. ಅದಕ್ಕಾಗಿ ನಾನು ದೇವರಿಗೆ ಸ್ತೋತ್ರ ಹೇಳ್ತೇನೆ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಪ್ರಸಂಗ ಮಾಡುವವರೂ ಅವರೇ, ಮಕ್ಕಳಿಗೆ ಶಾಲೆ ನಡೆಸುವವರೂ ಅವರೇ, ಸಂಬಳ ಕೊಡುವವರೂ ಅವರೇ. ಒಬ್ಬ ನೇಕಾರನಿಗೆ ಕೂಲಿ ಸಾಲದು ಅಂತ ಅನಿಸಿದರೆ ಯಾರ ಹತ್ತಿರ ಹೇಳಬೇಕು? ತನ್ನನ್ನು ಕರ್ತನ ಬಳಿಗೆ ನಡೆಸಿದವರ ಹತ್ತಿರವೇ. ಅಪ್ಪನ ಹತ್ತಿರ ಸಂಬಳದ ಚೌಕಾಸಿ ಮಾಡುವ ಹಾಗೆ. ನಾಲಗೆ ಬರ್ತದಾ? 1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮಿಷನ್ ಕೈ ಬಿಟ್ಟು, ಕೊನೆಗೆ 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಅದೇ ಗೂಡು, ಅದೇ ಮಣ್ಣು, ಆದರೆ ಯಜಮಾನ ಬೇರೆ. ಎಷ್ಟು ಒಳ್ಳೆಯ ಮನಸ್ಸಿನಿಂದ ಕಟ್ಟಿದ್ದಾದರೂ ಕಾರ್ಖಾನೆಗೆ ಮಾಲೀಕ ಬದಲಾಗಬಹುದು. ತಂದೆ ಬದಲಾಗುವುದಿಲ್ಲ.

ನಮ್ಮ ಕಾಲದಲ್ಲೂ ನೋಡಿದ್ದೇವೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದದ್ದು. ಇಲ್ಲಿ ಎಷ್ಟೋ ಮನೆಯವರಿಗೆ ಅದು ತವರುಮನೆ ಇದ್ದ ಹಾಗೆ. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೆಯ ನೌಕರರು ಬೋರ್ಡ್ ಇಳಿಸಿದಾಗ ಕಣ್ಣೀರು ಹಾಕಿದರು ಅಂದರೆ ನನಗೆ ಆಶ್ಚರ್ಯ ಇಲ್ಲ. ಆದರೆ ಅವರ ಕೆಲಸ ಉಳಿಯಿತು. ಉಳಿಸಿದ್ದು ಮಮತೆ ಅಲ್ಲ ಪ್ರಿಯರೇ, ವಿಲೀನದ ಸ್ಕೀಮಿನಲ್ಲಿ ಬರೆದಿಟ್ಟ ಸೇವಾ ಷರತ್ತು.

ಹಾಗಾದರೆ ಸಂಬಳಕ್ಕೆ ದುಡಿಯುವುದು ಕೀಳಾ? ಅಲ್ಲ. ಧರ್ಮೋಪದೇಶಕಾಂಡ 24:14, 15 ತೆಗೆಯಿರಿ. ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲು ಕೊಡಬೇಕು, ಇಲ್ಲದಿದ್ದರೆ ಅವನ ಕೂಗು ದೇವರ ತನಕ ಹೋಗುತ್ತದೆ. ಅಲ್ಲಿ ದೇವರು ಯಜಮಾನನಿಗೆ, ಅವನನ್ನು ನಿನ್ನ ಮಗನೆಂದು ಕರೆ ಅಂತ ಹೇಳಲಿಲ್ಲ. ಸಂಜೆಯೊಳಗೆ ದುಡ್ಡು ಕೊಡು ಅಂದರು. ಲೂಕ 15ರಲ್ಲಿ ಹಂದಿ ಕಾಯುತ್ತಿದ್ದ ಮಗನಿಗೆ ಮೊದಲು ನೆನಪಾದದ್ದು ಅಪ್ಪನ ಮನೆಯ ಕೂಲಿಯವರಿಗೂ ಹೊಟ್ಟೆ ತುಂಬ ಊಟ ಇದೆ ಅನ್ನುವುದು. ಆ ಅಪ್ಪ ಒಳ್ಳೆಯ ಯಜಮಾನನೂ ಆಗಿದ್ದ. ಆದರೆ ಮಗ, ನನ್ನನ್ನೂ ಕೂಲಿಯವನನ್ನಾಗಿ ಇಟ್ಟುಕೋ ಅನ್ನುವ ಮಾತನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದರೆ, ಅಪ್ಪ ಅದನ್ನು ಹೇಳಲಿಕ್ಕೇ ಬಿಡಲಿಲ್ಲ. ಕೂಲಿಯವನ ಜಾಗ ಬೇರೆ, ಮಗನ ಜಾಗ ಬೇರೆ. ಎರಡಕ್ಕೂ ಆ ಮನೆಯಲ್ಲಿ ಮರ್ಯಾದೆ ಇತ್ತು.

ತಂಗೀ, ನಿನ್ನ ಪ್ರಶ್ನೆಗೆ ಬರ್ತೇನೆ. ಒಪ್ಪಿಕೊಂಡ ಗಂಟೆಯಲ್ಲಿ ಕರ್ತನಿಗೆ ಮಾಡುವ ಹಾಗೆ ಕೆಲಸ ಮಾಡು. ಮೊಬೈಲ್ ನೋಡುತ್ತಾ ಕೂತು, ಆಮೇಲೆ ನಾನು ವಿಶ್ವಾಸಿ ಅಂತ ಭಾನುವಾರ ರಜೆ ಕೇಳಬೇಡ, ಅದು ನಿಜವಾಗಿ ಸಾಕ್ಷಿ ಹಾಳು ಮಾಡುವ ವಿಷಯ. ಆದರೆ ನಿನ್ನ ವಾರದ ರಜೆಯ ದಿನ "ಬರಲಿಕ್ಕಾಗುವುದಿಲ್ಲ ಸರ್" ಅಂತ ಮರ್ಯಾದೆಯಿಂದ ಹೇಳಿದರೆ ಪಾಪ ಇಲ್ಲ. ನಿಮ್ಮ ಶಿಫ್ಟ್ ಭಾನುವಾರವೇ ಅಂತ ಆಫರ್ ಲೆಟರಿನಲ್ಲಿ ಇದ್ದರೆ ಅದು ಬೇರೆ ಮಾತು, ಸಹಿ ಹಾಕಿದ್ದೀಯಲ್ಲ. ಸಹಿ ಹಾಕುವ ಮೊದಲು ಎಲ್ಲರೂ ಓದಿ ಮಾರಾಯ್ರೆ! ನೋಟಿಸ್ ಎಷ್ಟು ದಿನ, ಓವರ್‌ಟೈಮ್ ಎಂತ, ಪಿಎಫ್ ಉಂಟಾ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಆರು ತಿಂಗಳು ದುಡಿದವರನ್ನು ತೆಗೆಯಲು ನ್ಯಾಯವಾದ ಕಾರಣವೂ ಒಂದು ತಿಂಗಳ ನೋಟಿಸೋ ಅದರ ಬದಲು ಸಂಬಳವೋ ಬೇಕು ಅಂತ ಉಂಟು. ಇದನ್ನು ನಾನು ಕಂಪನಿಯ ಬಾಗಿಲು ತೆರೆಯದೆ ಇದ್ದ ಆ ಸೋಮವಾರದ ನಂತರ ಕಲಿತದ್ದು.

ಹಂಪನಕಟ್ಟೆಯ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಸಾವುಕಾರರು ಕೆಲಸದವರ ಮಗಳ ಮದುವೆಗೆ ಮುಂದೆ ನಿಂತು ಮಾಡುವುದನ್ನು ನೋಡಿದ್ದೇನೆ. ಅಂಥವರು ಕುಟುಂಬ ಅಂತ ಹೇಳಿಕೊಳ್ಳುವುದೇ ಇಲ್ಲ. ಕೆಲಸದವರೇ ಹೇಳ್ತಾರೆ, ನಮ್ಮ ಸಾವುಕಾರ್ರು ಮನೆಯವರ ಹಾಗೆ ಅಂತ. ಆ ಮಾತು ಕೆಳಗಿನಿಂದ ಬಂದರೆ ನಾನು ನಂಬುತ್ತೇನೆ. ಮೇಲಿನಿಂದ ಬಂದರೆ ಮೊದಲು ಸಂಬಳದ ಚೀಟಿ ನೋಡ್ತೇನೆ.

ಈಗ ಒಂದು ಒಪ್ಪಿಕೊಳ್ಳುವ ವಿಷಯ. ನಮ್ಮ ಸಭೆಯ ಲೈವ್ ನೋಡಿಕೊಳ್ಳುವ, ವ್ಯಾನ್ ಓಡಿಸುವ ತಮ್ಮ ನಿಮಗೆಲ್ಲ ಗೊತ್ತು. ಅವನನ್ನು ಕೇಳಿಯೇ ಹೇಳ್ತಾ ಇದ್ದೇನೆ. ಮೂರು ವರ್ಷದಿಂದ ಅವನಿಗೆ ನಾವು ಕೊಡುವುದಕ್ಕೆ ಸಂಬಳ ಅಂತ ಹೆಸರಿಲ್ಲ, "ಪ್ರೀತಿಯ ಕಾಣಿಕೆ". ಒಂದು ತಿಂಗಳು ಐದನೇ ತಾರೀಕು, ಒಂದು ತಿಂಗಳು ಹದಿನೆಂಟು. ಹೋದ ತಿಂಗಳು ಬೈಕ್ ಲೋನ್‌ಗೆ ಸ್ಯಾಲರಿ ಸ್ಲಿಪ್ ಬೇಕು ಪಾಸ್ಟರ್ ಅಂದ. ನನಗೆ ಬೇಸರ ಆಯಿತು. ನನ್ನ ಬಾಯಿಂದ ಏನು ಬಂತು ಗೊತ್ತಾ? "ನಾವೆಲ್ಲ ಒಂದು ಕುಟುಂಬ ಅಲ್ವಾ ತಮ್ಮಾ, ಸ್ಲಿಪ್ ಎಲ್ಲ ಬೇಕಾ?" ಅವನು ಏನೂ ಹೇಳದೆ ವ್ಯಾನ್ ಕೀ ಮೇಜಿನ ಮೇಲಿಟ್ಟು ಹೋದ. ರಾತ್ರಿ ನಿದ್ರೆ ಬರಲಿಲ್ಲ. ಲಾಬಾನನ ಅಧ್ಯಾಯ ತೆಗೆದದ್ದು ಆವತ್ತೇ. ನಾನು ಯಾಕೋಬ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಸಭೆ ನಿಜವಾಗಿ ಕುಟುಂಬವೇ. ಕ್ರಿಸ್ತನ ರಕ್ತದಿಂದ ಆದ ಕುಟುಂಬ. ಅವನು ನಾಳೆ ವ್ಯಾನ್ ಓಡಿಸುವುದು ಬಿಟ್ಟರೂ ಇಲ್ಲಿ ಅವನ ಜಾಗ ಇಲ್ಲೇ ಉಂಟು, ಅದನ್ನು ಕೌನ್ಸಿಲ್ ತೆಗೆಯಲಿಕ್ಕಾಗುವುದಿಲ್ಲ. ಅದಕ್ಕೇ ಅವನ ವ್ಯಾನಿನ ಕೆಲಸಕ್ಕೆ ಸಂಬಳ ಕೊಡಬೇಕು. ಪಾಸ್ಟರ್ ಮನಸ್ಸು ನೋಯುತ್ತದೆ ಅಂತ ಅವನು ಹೆದರುವ ಹಾಗಿರಬಾರದು.

ಯಾಕೋಬನ ಕಥೆ ಮುಗಿಸ್ತೇನೆ. ಅವನು ನೋಟಿಸ್ ಪೀರಿಯಡ್ ಇಲ್ಲದೆ ಓಡಿದ, ಅದು ಒಳ್ಳೆಯ ಮಾದರಿ ಅಲ್ಲ. ಲಾಬಾನ ಏಳು ದಿನ ಹಿಂದೆ ಬಿದ್ದು ಹಿಡಿದು, ಹೇಳಿದ್ದರೆ ಹಾಡು, ದಮ್ಮಡಿ, ಕಿನ್ನರಿ ಇಟ್ಟು ಕಳುಹಿಸುತ್ತಿದ್ದೆ ಅನ್ನುತ್ತಾನೆ. ಸೆಂಡ್ ಆಫ್ ಪಾರ್ಟಿ! ಇಪ್ಪತ್ತು ವರ್ಷ ಸರಿಯಾದ ಸಂಬಳ ಇಲ್ಲ, ಪಾರ್ಟಿ ಮಾತ್ರ ರೆಡಿ. ಆಮೇಲೆ ಇಬ್ಬರೂ ಕಲ್ಲಿನ ರಾಶಿ ಹಾಕಿ, ಇದನ್ನು ದಾಟಿ ನಾನು ಕೇಡಿಗೆ ಬರುವುದಿಲ್ಲ, ನೀನೂ ಬರಬೇಡ ಅಂತ ಒಡಂಬಡಿಕೆ ಮಾಡುತ್ತಾರೆ. ಗಲೇದ್, ಮಿಚ್ಪಾ. ಆ ಮಿಚ್ಪಾದ ವಚನವನ್ನು ಕೆಲವರು ಪ್ರೀತಿಯ ಕಾರ್ಡಿನಲ್ಲಿ ಹಾಕ್ತಾರೆ, ಅದು ಒಬ್ಬರನ್ನೊಬ್ಬರು ನಂಬದ ಇಬ್ಬರ ಮಾತು! ಆದರೆ ನೋಡಿ, ಕಲ್ಲು ಇಟ್ಟ ಮೇಲೆಯೇ ಅವರು ಒಟ್ಟಿಗೆ ಕೂತು ಊಟ ಮಾಡಿದ್ದು. ಬೆಳಿಗ್ಗೆ ಲಾಬಾನ ಎದ್ದು ಮೊಮ್ಮಕ್ಕಳಿಗೆ ಮುದ್ದಿಟ್ಟು ಆಶೀರ್ವದಿಸಿ ತನ್ನ ಊರಿಗೆ ಹೋದ.

ಬುಧವಾರ ಕೌನ್ಸಿಲ್ ಮೀಟಿಂಗ್ ಉಂಟು. ಆ ತಮ್ಮನ ನೇಮಕ ಪತ್ರ ಬರೆದು ತಂದಿದ್ದೇನೆ, ಸಂಬಳ ಎಷ್ಟು, ಯಾವ ತಾರೀಕು, ವಾರದ ರಜೆ ಯಾವ ದಿನ, ಎಲ್ಲ ಅದರಲ್ಲಿ ಉಂಟು. ಮೂರು ವರ್ಷದ ಬಾಕಿಯ ಬಗ್ಗೆಯೂ ಮಾತಾಡಬೇಕು, ಅದು ಸುಲಭ ಇಲ್ಲ, ಪ್ರಾರ್ಥನೆಯಲ್ಲಿ ನೆನಪಿಡಿ. ನಿಮ್ಮಲ್ಲಿ ಯಾರಿಗಾದರೂ ಈ ವಾರ ಆಫೀಸಿನಲ್ಲಿ ಒಂದು ಕಷ್ಟದ ಮಾತು ಆಡಬೇಕಾಗಿದ್ದರೆ ಮುಂದೆ ಬನ್ನಿ, ಜೊತೆಗೆ ನಿಂತು ಪ್ರಾರ್ಥಿಸೋಣ. ಎಲ್ಲರೂ ಎದ್ದು ನಿಲ್ಲಿ.